ಕಡಲತಡಿಯ ನೆರೆಕರೆ

(ಸಂಘದ ವಾರ್ಷಿಕ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



'ನಗರ ಜೀವನ ಮತ್ತು ಸುರಕ್ಷತೆ' ಎಂಬ ವಿಷಯವನ್ನು ನನಗೆ ಒಪ್ಪಿಸಿದಾಗ ಕಾರ್ಯದರ್ಶಿಗಳು ದೊಡ್ಡ ಮಾತುಗಳನ್ನು ನಿರೀಕ್ಷಿಸಿರಬೇಕು. ನಾನು ಸಮಾಜಶಾಸ್ತ್ರಜ್ಞನಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗುಮಾಸ್ತನಾಗಿ ನಿವೃತ್ತನಾದವನು. ನನಗೆ ಚೆನ್ನಾಗಿ ಗೊತ್ತಿರುವ ನಗರವೆಂದರೆ ಮಾಹಿಮಿನ ಒಂದು ತುಂಡು ಮಾತ್ರ. ಆದುದರಿಂದ ವಿಷಯವನ್ನು ಅಷ್ಟಕ್ಕೇ ಇಳಿಸಿಕೊಳ್ಳುತ್ತೇನೆ. ಕ್ಷಮೆಯಿರಲಿ.

ನಿಮ್ಮಲ್ಲಿ ಬಹುಮಂದಿ ಮಾಹಿಮನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರು. ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಕಡಲು. ಒಂದು ಮಗ್ಗುಲಿಗೆ ಬಾಂದ್ರಾ, ಇನ್ನೊಂದು ಮಗ್ಗುಲಿಗೆ ವರಳಿ, ನಡುವೆ ಬಾಗಿದ ಕೊಲ್ಲಿ. ಮೀಠಿ ನದಿ ತನ್ನ ಹೊಲಸನ್ನೆಲ್ಲ ತಂದು ಸುರಿಯುವುದು ಅಲ್ಲಿಯೇ. ದಡದಲ್ಲಿ ಕುಸಿಯುತ್ತಿರುವ ಹಳೆಯ ಕೋಟೆ, ಒಂದು ಕಾಲಕ್ಕೆ ಮರಳು ಇಳಿಯುತ್ತಿದ್ದ ರೇತಿ ಬಂದರು, ಮೀನುಗಾರರ ವಾಡಿ. ಒಳಗೆ ಬಂದರೆ ಮಖ್ದೂಮ್ ಅಲಿ ಮಾಹಿಮಿ ಅವರ ದರ್ಗಾ, ಶೀತಲಾದೇವಿಯ ಗುಡಿ, ಬುಧವಾರದ ನೊವೆನಾಕ್ಕೆ ಎಲ್ಲ ಧರ್ಮದವರೂ ಸಾಲುಗಟ್ಟುವ ಸೇಂಟ್ ಮೈಕೇಲರ ಇಗರ್ಜಿ. ಮೀನುಗಾರರನ್ನು ಮರಾಠಿಯಲ್ಲಿ ಹೇಗೆ ಕರೆಯುತ್ತಾರೆಂಬುದು ನಿಮಗೆ ಗೊತ್ತು. ಆ ಶಬ್ದವನ್ನು ಹಾಗೆಯೇ ಉಚ್ಚರಿಸಿದರೆ ನಮ್ಮ ಕನ್ನಡದ ಕಿವಿಗೆ ಕೊಕ್ಕೋ ಎನ್ನುವ ಹಕ್ಕಿ ಕಾಣಿಸುತ್ತದೆ. ನಾನು 'ಕೋಲಿ'ಗಳೆಂದೇ ಹೇಳುತ್ತೇನೆ.

ಈ ಊರಿನ ಸುರಕ್ಷತೆಯ ಕಥೆ ನೀರಿನಿಂದಲೇ ಮೊದಲಾಗುತ್ತದೆ. ಮಾಹಿಮಿಗೂ ಬಾಂದ್ರಾಕ್ಕೂ ನಡುವೆ ಸೇತುವೆಯಿಲ್ಲದ ಕಾಲದಲ್ಲಿ ಜನ ದೋಣಿಯಲ್ಲಿ ದಾಟುತ್ತಿದ್ದರು, ಮಳೆಗಾಲದಲ್ಲಿ ದೋಣಿಗಳು ಮಗುಚಿ ಸಾಯುತ್ತಿದ್ದರು. ಸರ್ಕಾರ ಹಣ ಕೊಡಲು ಹಿಂದೆಗೆಯಿತು. ಕೊನೆಗೆ ಸರ್ ಜಮ್ಶೆಟ್ಜೀ ಜೀಜೀಭಾಯ್ ಅವರ ಪತ್ನಿ ಲೇಡಿ ಆವಾಬಾಯಿ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ಪಡೆಯಬಾರದೆಂಬುದು ಅವರ ಷರತ್ತು. 1845ರಲ್ಲಿ ಕಾಸ್‌ವೇ ತೆರೆಯಿತು. ನಾವು ದಿನವೂ 'ಎಲ್.ಜೆ. ರೋಡ್' ಎಂದು ಎರಡಕ್ಷರಕ್ಕೆ ಮೊಟಕುಗೊಳಿಸುವ ರಸ್ತೆಯ ಹೆಸರಿನೊಳಗೆ ಆ ತಾಯಿ ಇದ್ದಾರೆ. ನೆರೆಯವರ ಜೀವ ತನ್ನ ಹೊಣೆಯೆಂದು ಯಾರೋ ಒಬ್ಬರು ತಿಳಿದದ್ದರಿಂದ ಆದ ರಸ್ತೆ ಅದು.

ನಾನು ಕುಂದಾಪುರದ ಕಡೆಯಿಂದ ಬಂದು ಆ ರಸ್ತೆಯ ಒಂದು ಉಡುಪಿ ಹೋಟೆಲಿನಲ್ಲಿ ಸೇರಿದ್ದು 1968ರಲ್ಲಿ. ವಯಸ್ಸು ಹದಿನೇಳು. ಬೆಳಗಿನ ಜಾವ ಸಸೂನ್ ಡಾಕಿನ ಮೀನಿನ ಹರಾಜಿಗೆ ಹೊರಡುವ ಮುನ್ನ ಕೋಲಿ ಹೆಂಗಸರು ನಾಲ್ಕಾರು ಮಂದಿ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದರು. ಖಾಲಿ ಬುಟ್ಟಿಗಳನ್ನು ಹೊರಗೆ ಕವುಚಿ, ಕಾಸೆ ಹಾಕಿದ ಸೀರೆ, ತುರುಬಿನ ತುಂಬ ಅಬ್ಬಲಿ ಹೂವು. ಅವರಲ್ಲಿ ಹಿರಿಯಳೊಬ್ಬಳನ್ನು ನಾವೆಲ್ಲ ಮಾವಶೀ ಎನ್ನುತ್ತಿದ್ದೆವು. ನನ್ನ ಮರಾಠಿಯನ್ನು ಕೇಳಿ ನಗುವುದು ಅವಳ ದಿನದ ಮೊದಲ ಕೆಲಸ.

ಮರುವರ್ಷ ಫೆಬ್ರವರಿಯಲ್ಲಿ ಗಡಿ ವಿವಾದದ ಕಿಚ್ಚು ಮುಂಬಯಿಯ ಬೀದಿಗಳಿಗೆ ಹರಡಿತು. ಕನ್ನಡಿಗರ ಹೋಟೆಲುಗಳ ಗಾಜು ಉಳಿಯಲಿಲ್ಲ. ಇಲ್ಲಿರುವ ಹಿರಿಯರಿಗೆ ನಾನು ಆ ದಿನಗಳನ್ನು ವರ್ಣಿಸಬೇಕಾಗಿಲ್ಲ. ಒಂದು ಸಂಜೆ ಮಾಲಿಕರು ಷಟರ್ ಎಳೆಸಿದರು. ಹೊರಗೆ ಹೋಗಿದ್ದ ನಾನು ಹೊರಗೇ ಉಳಿದೆ. ಗಲ್ಲಿಯ ತಿರುವಿನಲ್ಲಿ ಏಳೆಂಟು ಮಂದಿ ಹುಡುಗರು ಅಡ್ಡಗಟ್ಟಿ, ಹೆಸರೇನು, ಯಾವ ಊರು ಎಂದು ಕೇಳಿದರು. ಬಾಯಿ ತೆರೆದರೆ ಮಾತೇ ನನ್ನನ್ನು ಹಿಡಿದುಕೊಡುತ್ತಿತ್ತು. ಮುಚ್ಚಿಕೊಂಡರೆ ಮೌನವೇ ಹಿಡಿದುಕೊಡುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಬಲೆಯ ಹರಕು ನೋಡುತ್ತ ಕುಳಿತಿದ್ದ ಮಾವಶೀ ಎದ್ದು ಬಂದಳು. “ಹಾ ಆಮಚ್ಯಾ ಗಲ್ಲೀತಲಾ ಪೋರ್ಗಾ ಆಹೇ” ಎಂದಳು. ನಮ್ಮ ಗಲ್ಲಿಯ ಹುಡುಗ, ಅಷ್ಟೆ. ಯಾವ ರಾಜ್ಯದವನು, ಯಾವ ಭಾಷೆಯವನು ಎಂಬುದರ ಗೊಡವೆಗೇ ಅವಳು ಹೋಗಲಿಲ್ಲ. ಆ ಹುಡುಗರ ತಾಯಂದಿರನ್ನೂ ಅವಳು ಬಲ್ಲವಳಾದ್ದರಿಂದ ಮಾತು ಅಲ್ಲಿಗೆ ಮುಗಿಯಿತು.

ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು, ಪೊಲೀಸರು ಆಮೇಲಿನವರು ಎಂದು ವಾದಿಸಿದ್ದಾರೆ. ಬಹು ವರ್ಷಗಳ ನಂತರ ಓದಿದಾಗ, ಇದು ಮಾವಶೀಗೆ ಗೊತ್ತಿದ್ದ ವಿಷಯವಲ್ಲವೇ ಎನಿಸಿತು. ಆದರೆ ಅವಳ ಬಳಿ ಕಣ್ಣಿನ ಜೊತೆಗೆ ಪರಿಚಯವೂ ಇತ್ತು. ಬರಿಯ ಕಣ್ಣು ಎಷ್ಟು ಅಪಾಯಕಾರಿಯಾಗಬಲ್ಲುದೆಂಬುದನ್ನು ನಾನು ನನ್ನಿಂದಲೇ ಕಲಿತೆ. ಅದನ್ನು ಹೇಳಲೆಂದೇ ಇಂದು ಬಂದಿದ್ದೇನೆ.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಈ ನಗರದಲ್ಲಿ ಸುಮಾರು 900 ಮಂದಿ ಸತ್ತರೆಂದು ಶ್ರೀಕೃಷ್ಣ ಆಯೋಗದ ವರದಿ ಹೇಳುತ್ತದೆ. ಆಗ ನಾನು ಸಂಸಾರಸ್ಥ. ಮಾಹಿಮಿನ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ವಾಸ. ಜನವರಿಯಲ್ಲಿ ಕಟ್ಟಡದ ಗಂಡಸರೆಲ್ಲ ಸೇರಿ ರಾತ್ರಿ ಪಹರೆ ಆರಂಭಿಸಿದೆವು. ಹಾಕಿ ಕೋಲು, ಕಬ್ಬಿಣದ ಸಲಾಕೆ, ಹಳೆಯ ಟ್ಯೂಬ್‌ಲೈಟು, ಒಂದು ಥರ್ಮಾಸ್ ಚಹಾ. 'ಕಡಲಿನಿಂದ ಬರುತ್ತಿದ್ದಾರಂತೆ' ಎಂಬ ವದಂತಿ ರಾತ್ರಿಗೊಂದು ಸಲ ಏಳುತ್ತಿತ್ತು. ಯಾರು, ಯಾವ ದೋಣಿಯಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ನಾವೂ ಕೇಳಲಿಲ್ಲ. ಕಡಲನ್ನು ಬಲ್ಲ ಕೋಲಿಗಳನ್ನೊಮ್ಮೆ ವಿಚಾರಿಸಬಹುದಿತ್ತು.

ಕರ್ಫ್ಯೂ ಸಡಿಲಿಸಿದ ಒಂದು ಬೆಳಗಿನ ಜಾವ ಸೈಕಲ್ಲಿನ ಮೇಲೆ ದೊಡ್ಡ ಗಂಟು ಕಟ್ಟಿಕೊಂಡು ಒಬ್ಬ ಬಂದ. ಟಾರ್ಚು ಬಿಟ್ಟೆವು. ಪಾವ್ ಮಾರುವವನು. ಹದಿನಾಲ್ಕು ವರ್ಷಗಳಿಂದ ನಮ್ಮ ಮನೆಗೆ ಪಾವ್ ಕೊಡುತ್ತಿದ್ದವನು. ಪಹರೆಯ ಮುಂದಾಳಾಗಿದ್ದ ನಾನು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು, “ಹೆಸರೇನು?” ಎಂದು ಕೇಳಿದೆ. ಅವನು ಹೆಸರು ಹೇಳಿದ. ಆಮೇಲೆ ನಾನು ಕೇಳದೆಯೇ ಇನ್ನಷ್ಟು ಹೇಳಿದ: ಮೂರನೆಯ ಮಾಳಿಗೆ, ಎಡಗಡೆಯ ಬಾಗಿಲು, ದಿನಕ್ಕೆ ಎಂಟು ಪಾವ್, ರವಿವಾರ ಹನ್ನೆರಡು.

ಅವನು ನನ್ನನ್ನು ಬಲ್ಲವನಾಗಿದ್ದ. ನಾನು ಅವನನ್ನು ಬಲ್ಲವನಾಗಿರಲಿಲ್ಲ. 1969ರಲ್ಲಿ ಗಲ್ಲಿಯ ತಿರುವಿನಲ್ಲಿ ನನಗೆ ಹಾಕಿದ ಅದೇ ಪ್ರಶ್ನೆಯನ್ನು ನಾನೇ ಅವನಿಗೆ ಹಾಕಿದ್ದೆ, ಅದೂ ಕೈಯಲ್ಲಿ ಸಲಾಕೆ ಹಿಡಿದು. ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಆದರೆ ಆ ಬೆಳಗಿನ ನಂತರ ಅವನು ನಮ್ಮ ಗಲ್ಲಿಗೆ ಬರಲಿಲ್ಲ. ಬೇಕರಿಯಲ್ಲಿ ವಿಚಾರಿಸಿದೆ, ಊರಿಗೆ ಹೋದನೆಂದರು.

ಇಷ್ಟೆಲ್ಲ ಪಹರೆ ಕಾದು ನಾವು ತಡೆದದ್ದೇನು? 1993ರ ಮಾರ್ಚ್ 12ರಂದು ನಗರದಲ್ಲಿ ಸರಣಿ ಬಾಂಬುಗಳು ಸಿಡಿದು 257 ಮಂದಿ ಸತ್ತಾಗ, ಮಾಹಿಮಿನ ಮೀನುಗಾರರ ವಸತಿಯ ಮೇಲೂ ಕೈಬಾಂಬುಗಳು ಬಿದ್ದವು. ಆ ಸ್ಫೋಟಕಗಳು ರಾಯಗಡ ಜಿಲ್ಲೆಯ ದಿಘಿ, ಶೇಖಾಡಿಗಳ ದಡದಲ್ಲಿ ಇಳಿದಿದ್ದವು. ಕಾಯಲೆಂದು ಸಂಬಳ ಪಡೆಯುವ ಕಸ್ಟಮ್ಸ್ ಮತ್ತು ಪೊಲೀಸ್ ಸಿಬ್ಬಂದಿಯಲ್ಲಿ ಕೆಲವರು ಕಣ್ಣು ಮುಚ್ಚಿಕೊಂಡದ್ದು ಮುಂದೆ ನ್ಯಾಯಾಲಯದಲ್ಲಿ ಸಾಬೀತಾಗಿ ಅವರಿಗೆ ಶಿಕ್ಷೆಯಾಯಿತು. ನಾವು ಪಾವ್ ಮಾರುವವನ ಗಂಟನ್ನು ಪರೀಕ್ಷಿಸುತ್ತಿದ್ದೆವು.

ಗಲಭೆಯ ನಂತರ ಮುಂಬಯಿಯಲ್ಲಿ ಮೊಹಲ್ಲಾ ಸಮಿತಿಗಳು ಹುಟ್ಟಿಕೊಂಡವು. ಜೂಲಿಯೊ ರಿಬೇರೊ, ಸುಶೋಭಾ ಬರ್ವೆ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹನಿ ಮೊದಲಾದವರು ಇದಕ್ಕೆ ದುಡಿದರು. ಇದಕ್ಕೂ ಮೊದಲೇ ಭಿವಂಡಿಯಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಇಂಥ ಸಮಿತಿಗಳನ್ನು ಕಟ್ಟಿದ್ದರು. 1984ರಲ್ಲಿ ಹೊತ್ತಿ ಉರಿದಿದ್ದ ಆ ಊರು 1992ರಲ್ಲಿ ಶಾಂತವಾಗಿ ಉಳಿಯಿತು. ಪಾವ್ ಮಾರುವವನ ಮುಖ ಕಣ್ಣಿಂದ ಮರೆಯಾಗದೆ ನಾನೂ ಒಂದೆರಡು ಸಭೆಗಳಿಗೆ ಹೋದೆ. ಅಲ್ಲಿ ಐಕ್ಯದ ಭಾಷಣಗಳಿರಬಹುದೆಂದು ಹೋದರೆ, ಚರ್ಚೆ ನಡೆದದ್ದು ನಲ್ಲಿಯ ನೀರು, ಕೆಟ್ಟ ಬೀದಿದೀಪ, ತುಂಬಿ ಹರಿಯುವ ಗಟಾರಗಳ ಮೇಲೆ! ಮೊದಲು ಬೇಸರವಾಯಿತು, ಆಮೇಲೆ ಅರ್ಥವಾಯಿತು. ಗಟಾರದ ಬಗ್ಗೆ ಮೂರು ಸಲ ಜಗಳವಾಡಿದವರು ಪರಸ್ಪರರ ಹೆಸರು ಮರೆಯುವುದಿಲ್ಲ.

ಮಾಹಿಮಿಗೆ ಇಂಥದೊಂದು ಹಳೆಯ ರೂಢಿ ಇದ್ದೇ ಇದೆ. ವರ್ಷವೂ ನಡೆಯುವ ದರ್ಗಾದ ಉರುಸಿನಲ್ಲಿ ಮೊದಲ ಚಾದರವನ್ನು ಅರ್ಪಿಸುವ ಗೌರವ ಪೊಲೀಸರದು. ಬ್ಯಾಂಡು ಬಾರಿಸಿಕೊಂಡು, ಸಮವಸ್ತ್ರದಲ್ಲಿ ತಲೆಯ ಮೇಲೆ ತಟ್ಟೆ ಹೊತ್ತು ಸಾಗುವ ಇನ್‌ಸ್ಪೆಕ್ಟರರನ್ನು ನೋಡಲು ನಾನು ಪ್ರತಿ ವರ್ಷ ಹೋಗುತ್ತೇನೆ. ಮಾಹಿಮ್ ಪೊಲೀಸ್ ಠಾಣೆ ಇರುವ ಜಾಗದಲ್ಲಿಯೇ ಸಂತರು ವಾಸವಾಗಿದ್ದರೆಂದು ಜನರ ನಂಬಿಕೆ.

2008ರ ನವೆಂಬರ್ 26ಕ್ಕೆ ಬರುತ್ತೇನೆ. ಇದು ಮಾಹಿಮಿನಲ್ಲಲ್ಲ, ದಕ್ಷಿಣ ತುದಿಯ ಕಫ್ ಪರೇಡ್ ಬಳಿಯ ಮಚ್ಛೀಮಾರ್ ನಗರದಲ್ಲಿ ನಡೆದದ್ದು. ಅದೂ ಕೋಲಿಗಳ ವಸತಿ. ಅಂದು ಕಟಕಿನಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಏಕದಿನ ಪಂದ್ಯ. ಬಹಳ ಮಂದಿ ಟಿ.ವಿ.ಯ ಮುಂದಿದ್ದರು. ರಾತ್ರಿ ಎಂಟೂವರೆಯ ಸುಮಾರಿಗೆ ಗಾಳಿ ತುಂಬಿದ ರಬ್ಬರ್ ದೋಣಿಯಿಂದ ಯುವಕರು ಬೆನ್ನಿಗೆ ಚೀಲ ಹೊತ್ತು ಇಳಿದರು. ದಡದಲ್ಲಿದ್ದ ಮೀನುಗಾರರು ಅವರನ್ನು, ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳಿದರು. ಅದು ತಮ್ಮ ದೋಣಿಗಳ ಪೈಕಿಯದಲ್ಲ, ಅವು ತಮ್ಮ ಮುಖಗಳಲ್ಲ ಎಂದು ಅವರಿಗೆ ಥಟ್ಟನೆ ಹೊಳೆದಿತ್ತು. ಒರಟು ಉತ್ತರ ಬಂತು. ಮುಂದಿನದು ನಿಮಗೆಲ್ಲ ಗೊತ್ತಿದೆ. 166 ಜೀವಗಳು ಹೋದವು.

ನೋಡಿ, ಅಂದು ಆ ದಡದಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಿದವರು ಮೀನುಗಾರರು. ನಾನು ಹ್ಯಾಂಡಲ್ ಹಿಡಿದು ಕೇಳಿದ ಪ್ರಶ್ನೆಗೂ ಇದಕ್ಕೂ ಶಬ್ದಗಳಲ್ಲಿ ವ್ಯತ್ಯಾಸವಿಲ್ಲ. ತಮ್ಮವರೆಲ್ಲರನ್ನೂ ಬಲ್ಲವರಾದ್ದರಿಂದ ಅವರಿಗೆ ಹೊರಗಿನವನು ಯಾರೆಂದು ತಿಳಿಯಿತು. ಯಾರನ್ನೂ ಬಲ್ಲವನಲ್ಲದ ನನಗೆ ಎಲ್ಲರೂ ಹೊರಗಿನವರಾಗಿ ಕಂಡರು.

ಆಮೇಲೆ ಕರಾವಳಿಯ ರಕ್ಷಣೆಗೆ ಬಹಳ ಕೆಲಸಗಳಾದವು. ಮೀನುಗಾರರಿಗೆ ಬೆರಳಚ್ಚಿನ ಗುರುತುಚೀಟಿ ಬಂತು, ದೋಣಿಗಳಿಗೆ ರಾಜ್ಯಕ್ಕೊಂದು ಬಣ್ಣ, ಕರಾವಳಿ ಪೊಲೀಸ್ ಠಾಣೆಗಳು, 1093 ಎಂಬ ದೂರವಾಣಿ ಸಂಖ್ಯೆ. ಬೇಕಾದದ್ದೇ, ಅಂದು ದಡದಲ್ಲಿ ಕಂಡದ್ದನ್ನು ಕೂಡಲೇ ಯಾರಿಗೆ ತಿಳಿಸಬೇಕೆಂಬುದಕ್ಕೆ ಹೀಗೊಂದು ದಾರಿ ಇರಬೇಕಿತ್ತು. ಆದರೆ ಚೀಟಿ ತೋರಿಸು ಎಂದು ಮತ್ತೆ ಮತ್ತೆ ಕೇಳಿಸಿಕೊಳ್ಳಬೇಕಾದವರೂ ಅದೇ ಮೀನುಗಾರರು. ಇನ್ನೊಂದೆಡೆ ಅವರ ಕಡಲೇ ಕಿರಿದಾಗುತ್ತಿದೆ. 2009ರಲ್ಲಿ ಬಾಂದ್ರಾ-ವರಳಿ ಸೇತುವೆ ಮಾಹಿಮಿನ ಕೊಲ್ಲಿಯ ಬಾಯಿಗೆ ಅಡ್ಡವಾಗಿ ತೆರೆಯಿತು. ಕರಾವಳಿ ರಸ್ತೆಯ ಕಂಬಗಳ ನಡುವಿನ 60 ಮೀಟರ್ ಅಂತರ ದೋಣಿಗೆ ಸಾಲದೆಂದು ವರಳಿಯ ಕೋಲಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2022ರ ಕೊನೆಗೆ ಅದು 120 ಮೀಟರಿಗೆ ಒಪ್ಪಿತವಾಯಿತು. ಕೋಲಿಗಳು ದಡ ಬಿಟ್ಟರೆ ದಡವನ್ನು ಬಲ್ಲವರಾರು? ಗೋಪುರದಂಥ ಕಟ್ಟಡಗಳ ಮೂವತ್ತನೆಯ ಮಾಳಿಗೆಯಿಂದ ಕಾಣುವುದು ಸೂರ್ಯಾಸ್ತ. ದೋಣಿ ಯಾರದೆಂದು ಅಲ್ಲಿಂದ ಕಾಣುವುದಿಲ್ಲ.

ಇದರ ಇನ್ನೊಂದು ಮುಖವನ್ನು ಮುಚ್ಚಿಡಲಾರೆ. ನನ್ನ ಮಗಳು ಈ ಕಣ್ಣುಗಳಿಂದ ಬೇಸತ್ತವಳು. ರಾತ್ರಿ ಹನ್ನೊಂದಕ್ಕೆ ಕೆಲಸದಿಂದ ಬಂದರೆ ಗಲ್ಲಿಯ ನಾಲ್ಕು ಬಾಗಿಲುಗಳಿಂದ 'ಇಷ್ಟು ತಡವೇಕೆ?' ಎಂಬ ಪ್ರಶ್ನೆ. “ಅಪ್ಪಾ, ಇದು ಕಾವಲಲ್ಲ, ಸೆರೆಮನೆ” ಎನ್ನುತ್ತಿದ್ದಳು. ಈಗ ಠಾಣೆಯಲ್ಲಿ ಕ್ಯಾಮೆರಾಗಳಿರುವ ದೊಡ್ಡ ಸೊಸೈಟಿಯಲ್ಲಿದ್ದಾಳೆ. ಅವಳದು ತಪ್ಪೆಂದು ನಾನು ಹೇಳುವುದಿಲ್ಲ; ಹೆಣ್ಣುಮಕ್ಕಳು ಈ ಪರಿಚಯಕ್ಕೆ ತೆತ್ತ ಬೆಲೆ ನಾವು ಗಂಡಸರು ತೆತ್ತದ್ದಲ್ಲ. ಕಳೆದ ತಿಂಗಳು ಅಲ್ಲಿಗೆ ಹೋದಾಗ ಕಾವಲುಗಾರ ನನ್ನ ಫೋಟೋ ತೆಗೆದು, ಮಗಳ ಮೊಬೈಲಿನಿಂದ ಅನುಮತಿ ಬರುವವರೆಗೆ ಗೇಟಿನಲ್ಲಿ ನಿಲ್ಲಿಸಿದ. ಅವನ ಕೆಲಸ ಅವನು ಮಾಡಿದ. ನಿಂತಿದ್ದಾಗ ಅವನ ಊರು ಕೇಳಿದೆ. ಯಾದಗಿರಿ ಕಡೆಯವನು! ಎರಡು ವರ್ಷದಿಂದ ಆ ಗೇಟಿನಲ್ಲಿದ್ದಾನೆ. ಅವನು ಕನ್ನಡದವನೆಂದು ನನ್ನ ಮಗಳಿಗೆ ಗೊತ್ತಿರಲಿಲ್ಲ.

ನಮ್ಮ ಸಂಘದ ಮಾತಿಗೆ ಬರುತ್ತೇನೆ. ನಮ್ಮ ನೆಲಮಾಳಿಗೆಯ ವಾಚನಾಲಯದ ಕಿಟಕಿ ಬೀದಿಗೆ ತೆರೆಯುತ್ತದೆ, ಆದರೆ ಕಾರ್ಯಕ್ರಮಗಳಿಲ್ಲದ ದಿನ ಸಂಜೆ ಆರಕ್ಕೇ ಅದಕ್ಕೆ ಬೀಗ. ಹೊರಗಿನ ಕಟ್ಟೆಯ ಮೇಲೆ ಯಾರೂ ಕೂರಬಾರದೆಂದು ಕಳೆದ ಸಾಲಿನಲ್ಲಿ ಕಬ್ಬಿಣದ ಮುಳ್ಳುಪಟ್ಟಿ ಬೇರೆ ಹಾಕಿಸಿದ್ದೇವೆ. ಆ ಪಟ್ಟಿಯನ್ನು ತೆಗೆಸಬೇಕು. ರಾತ್ರಿ ಹತ್ತರವರೆಗೆ ದೀಪ ಉರಿಯಬೇಕು, ಬಾಗಿಲು ತೆರೆದಿರಬೇಕು, ಒಳಗೆ ನಮ್ಮವರೊಬ್ಬರು ಕೂತಿರಬೇಕು. ಮರಾಠಿ, ಹಿಂದಿ ಪತ್ರಿಕೆಗಳನ್ನೂ ತರಿಸಿದರೆ ಗಲ್ಲಿಯವರೂ ಬಂದಾರು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಕಾರ್ಯಕಾರಿ ಸಮಿತಿ ತೀರ್ಮಾನಿಸಲಿ. ಗುರುವಾರದ ಸರದಿಗೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.