ಚಾಯ್ಸ್ ಒತ್ತುವ ಮೊದಲು



ಬದುಕಿನ ದೊಡ್ಡ ನಿರ್ಧಾರಗಳಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಸಾವಧಾನದ ಅಭ್ಯಾಸ, ಎಷ್ಟು ನೆರವಾಗುತ್ತದೆ ಎಂಬುದು ಈ ಸಂಕಿರಣದ ವಿಷಯ. ಮದುವೆ, ಉದ್ಯೋಗ, ಮನೆಸಾಲ, ಪರದೇಶಕ್ಕೆ ಹೋಗುವುದು ಎಲ್ಲವೂ ಇದರೊಳಗೆ ಬರುತ್ತವೆ. ನಾನು ಒಂದನ್ನೇ ಹಿಡಿದು ಮಾತಾಡುತ್ತೇನೆ: ಪಿಯುಸಿ ಮುಗಿಸಿದ ಮಕ್ಕಳು ಕೋರ್ಸು ಆರಿಸಿಕೊಳ್ಳುವ ಗಳಿಗೆ. ಇಲ್ಲಿರುವ ಕಾಲೇಜು ಆಪ್ತಸಮಾಲೋಚಕರು, ಅಧ್ಯಾಪಕರಲ್ಲಿ ಬಹಳಷ್ಟು ಜನ ಪ್ರತಿವರ್ಷ ಆ ಗಳಿಗೆಯಲ್ಲಿ ಅವರ ಎದುರು ಕೂತಿರುತ್ತೀರಿ.

ಸಿಇಟಿ ಸೀಟು ಹಂಚಿಕೆಯಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಿದ್ಯಾರ್ಥಿಯ ಮುಂದೆ ನಾಲ್ಕು ಚಾಯ್ಸ್ ಇಡುತ್ತದೆ. ಸಿಕ್ಕ ಸೀಟು ಒಪ್ಪಿ ಕಾಲೇಜಿಗೆ ಸೇರುವುದು ಮೊದಲನೆಯದು. ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದಕ್ಕೆ ಕಾಯುವುದು ಎರಡನೆಯದು. ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಪ್ರಕ್ರಿಯೆಯಿಂದಲೇ ಹೊರಬರುವುದು ನಾಲ್ಕನೆಯದು. ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಮನೆಯೊಳಗೆ ಏನಾಗುತ್ತದೆಂದು ನಿಮಗೆ ಗೊತ್ತು. ಸೋದರಮಾವ ಫೋನ್ ಮಾಡಿ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಅಪ್ಪ ಹೋದ ವರ್ಷದ ಕಟಾಫ್ ಹುಡುಕುತ್ತಾರೆ. ಅಮ್ಮನಿಗೆ ಹಾಸ್ಟೆಲಿನ ಚಿಂತೆ. ಆಪ್ಷನ್ ಎಂಟ್ರಿ ಮಾಡಿಕೊಟ್ಟದ್ದು ಸೈಬರ್ ಸೆಂಟರಿನವರು. ಎಲ್ಲರ ಮಾತು ಮುಗಿದ ಮೇಲೆ ಓದಬೇಕಾದ ಮಗುವಿಗೆ ಉಳಿಯುವುದು ‘ಹೂಂ’ ಎನ್ನುವುದೊಂದೇ.

ಧ್ಯಾನ ಇಲ್ಲಿ ಏನು ಮಾಡಬಲ್ಲದು? ಯಾವ ಕೋರ್ಸು ಒಳ್ಳೆಯದು ಎಂದು ಅದು ಹೇಳುವುದಿಲ್ಲ. ಶುಲ್ಕ, ಅಧ್ಯಾಪಕರು, ಮುಂದಿನ ಕೆಲಸ ಇವನ್ನೆಲ್ಲ ನಾಲ್ಕು ಕಡೆ ವಿಚಾರಿಸಿಯೇ ತಿಳಿಯಬೇಕು. ಉಸಿರಿನ ಮೇಲೆ ಗಮನವಿಟ್ಟು ಸ್ವಲ್ಪ ಹೊತ್ತು ಕೂತಾಗ ತಿಳಿಯುವುದು ಬೇರೆ ಸಂಗತಿ. ‘ಮೆಡಿಕಲ್ ಬಿಟ್ಟುಬಿಡಲೇ’ ಎಂದು ಯೋಚಿಸಿದೊಡನೆ ಎದೆ ಬಿಗಿಯುತ್ತದಲ್ಲ, ಅದು ವೈದ್ಯಕೀಯದ ಮೇಲಿನ ಪ್ರೀತಿಯೋ, ಊರಿನಲ್ಲಿ ಮುಖ ತೋರಿಸುವುದು ಹೇಗೆಂಬ ನಾಚಿಕೆಯೋ? ಗಡಿಬಿಡಿಯಲ್ಲಿ ಎರಡೂ ಒಂದೇ ಥರ ಅನಿಸುತ್ತವೆ. ಇವನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಹಳೆಯದು: ಪಾಲಿ ಭಾಷೆಯ ಬೌದ್ಧ ಉಪದೇಶವಾದ ಸತಿಪಟ್ಠಾನ ಸುತ್ತ ದೇಹವನ್ನು, ಸುಖದುಃಖದ ವೇದನೆಯನ್ನು, ಚಿತ್ತವನ್ನು ಇದ್ದಹಾಗೆ ಗಮನಿಸಲು ಕಲಿಸುತ್ತದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಈ ಅಭ್ಯಾಸವನ್ನೇ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ತಂದರು. ಅಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರು ಅದನ್ನು ಕಲಿತರು.

ನಿರ್ಧಾರಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನವೊಂದಿದೆ. ಆಂಡ್ರ್ಯೂ ಹಾಫೆನ್‌ಬ್ರಾಕ್ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಪ್ರಕಟಿಸಿದರು. ಹದಿನೈದು ನಿಮಿಷ ಉಸಿರನ್ನು ಗಮನಿಸಿದವರು, ಆಗಲೇ ಸುರಿದ ಹಣ ಮತ್ತು ಶ್ರಮಕ್ಕೆ ಕಟ್ಟುಬಿದ್ದು ಮುಂದುವರಿಯುವುದು ಕಡಿಮೆಯಾಯಿತು. ಅವರ ಮನಸ್ಸು ಕಳೆದದ್ದರ ಕಡೆಗೂ ಬರಲಿರುವುದರ ಕಡೆಗೂ ಅಷ್ಟಾಗಿ ಹರಿಯಲಿಲ್ಲ. ಅವರ ಮುಂದಿದ್ದದ್ದು ಕಲ್ಪಿತ ಸನ್ನಿವೇಶಗಳು, ನಿಜ. ಆದರೂ ನೀಟ್‌ಗಾಗಿ ಎರಡನೇ ಸಲ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಲು ಹೊರಟ ಹುಡುಗಿಯನ್ನು ಮಾತಾಡಿಸಿ ನೋಡಿ. ‘ಇಷ್ಟು ದುಡ್ಡು ಹಾಕಿದ ಮೇಲೆ ಹೇಗೆ ಬಿಡೋದು ಸಾರ್’ ಎಂಬುದೇ ಅವಳ ಮೊದಲ ಮಾತಾಗಿರುತ್ತದೆ. ಕಟ್ಟಿದ ಶುಲ್ಕ ಅವಳು ಮುಂದುವರಿದರೂ ಬಿಟ್ಟರೂ ವಾಪಸು ಬರುವುದಿಲ್ಲ. ಈಗ ಕೇಳಬೇಕಾದದ್ದು, ಇನ್ನೊಂದು ವರ್ಷವನ್ನು ಅವಳು ಯಾವುದಕ್ಕೆ ಕೊಡಲು ಬಯಸುತ್ತಾಳೆ ಎಂದು.

ಬಿಡುವುದು ಒಂದು ಪ್ರಶ್ನೆ, ಹಿಡಿಯುವುದು ಇನ್ನೊಂದು. ಎರಡಕ್ಕೂ ಒಂದೇ ದಿನ ಉತ್ತರ ಬೇಕೆಂದರೆ ಮನಸ್ಸು ದಿಕ್ಕುಗೆಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದಕ್ಕೆ ಒಂದು ದೊಡ್ಡ ಉದಾಹರಣೆಯಿದೆ: ಅಂಬೇಡ್ಕರ್ ಅವರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ, ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಓದಿದರು, ಬರೆದರು, ವಾದಿಸಿದರು. ನಮ್ಮ ಮಕ್ಕಳಿಗೆ ಅಷ್ಟು ಕಾಲವಿಲ್ಲ. ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವಷ್ಟು ಹೊತ್ತನ್ನಾದರೂ ನಾವು ದೊರಕಿಸಿಕೊಡಬಹುದು.

ನನಗೊಂದು ಆತಂಕವಿದೆ, ಅದನ್ನು ಮುಚ್ಚಿಡಲಾರೆ. ಒಲ್ಲದ ಕೋರ್ಸಿಗೆ ಮಕ್ಕಳನ್ನು ಒಗ್ಗಿಸಲು, ಒತ್ತಡ ಸಹಿಸುವಂತೆ ಮಾಡಲು ಧ್ಯಾನವನ್ನು ಬಳಸಿದರೆ ಅದು ಅನ್ಯಾಯ. ಹಾಸ್ಟೆಲ್ ಶುಲ್ಕ ಕಟ್ಟಲಾಗದೆ ಸೀಟು ಬಿಡುತ್ತಿರುವವಳಿಗೆ ಬೇಕಾದದ್ದು ವಿದ್ಯಾರ್ಥಿವೇತನದ ಅರ್ಜಿ. ಅವಳಿಗೆ ಉಸಿರಾಟ ಹೇಳಿಕೊಡುವುದು ಕ್ರೌರ್ಯ. ಬದುಕೇ ಬೇಡವೆನ್ನುವ ಮಗುವನ್ನು ಕಣ್ಣು ಮುಚ್ಚಿ ಕೂರಿಸಬೇಡಿ. ಒಂಟಿಯಾಗಿ ಬಿಡಬೇಡಿ, ಮನೋವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಧ್ಯಾನಕ್ಕೆ ಇನ್ನೊಂದು ಮುಖವೂ ಇದೆ: ಬೇಸರದ ಕೆಲಸ ಮಾಡುವ ಹುರುಪನ್ನು ಅದು ತಗ್ಗಿಸುತ್ತದೆಂದು ಹಾಫೆನ್‌ಬ್ರಾಕ್ ಅವರೇ ಕ್ಯಾಥ್ಲೀನ್ ವೋಸ್ ಜೊತೆ 2018ರಲ್ಲಿ ತೋರಿಸಿದ್ದಾರೆ. ಇಂಥ ಮಿತಿಗಳನ್ನೂ ಇಲ್ಲಿನ ಗೋಷ್ಠಿಗಳು ಎತ್ತಿಕೊಳ್ಳಲಿ.

ಕೊನೆಗೆ ನನ್ನದೊಂದು ಕೋರಿಕೆ. ಚಾಯ್ಸ್ ಒತ್ತುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಗೂ ಸಮಾಲೋಚಕರ ಜೊತೆ ಅರ್ಧ ಗಂಟೆ ಸಿಗಬೇಕು, ಆ ಹೊತ್ತು ಅಪ್ಪ ಅಮ್ಮ ಹೊರಗಿರಬೇಕು. ಆಮೇಲೆ ಅವರನ್ನೂ ಕರೆಯಿರಿ, ಅವರ ಭಯವನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ. ಇದಕ್ಕೆ ಬೇಕಾದ ಕೊಠಡಿ, ಬಿಡುವು, ತರಬೇತಿ ಏನೆಂಬುದನ್ನು ಸಂಕಿರಣದ ಶಿಫಾರಸಿನಲ್ಲಿ ಬರೆಯಿರಿ, ಮುಂದಿನ ಸಿಇಟಿಗೆ ಮೊದಲೇ ನಿಮ್ಮ ನಿಮ್ಮ ಪ್ರಾಂಶುಪಾಲರ ಕೈಗೆ ಕೊಡಿ.