ಎಲ್‌ಬ್ರಸ್ ಏರಿದ ಕಿಲ್ಲಾರ್

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿಯಲ್ಲಿ ವಿಜ್ಞಾನ ಓದುವವರಿಗೆ ಲೆನ್ಜ್ ನಿಯಮ ಗೊತ್ತು. ಪರೀಕ್ಷೆಗೆಂದು ಬಾಯಿಪಾಠವನ್ನೂ ಮಾಡಿರುತ್ತೀರಿ. ಆ ನಿಯಮ ಬರೆಯುವ ಮೊದಲು, ತನ್ನ 25ನೆಯ ವಯಸ್ಸಿನಲ್ಲಿ, ಲೆನ್ಜ್ ಒಂದು ಹಿಮಶಿಖರ ಹತ್ತಲು ಹೋಗಿ ತುದಿ ಮುಟ್ಟಲಾರದೆ ಹಿಂದಿರುಗಿದರು. ಅದು ಪಠ್ಯಪುಸ್ತಕದಲ್ಲಿಲ್ಲ.

ಆ ಶಿಖರವೇ ಎಲ್‌ಬ್ರಸ್. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಹಬ್ಬಿರುವ ಕಾಕಸಸ್ ಪರ್ವತಗಳಲ್ಲಿ ಇದೇ ಅತಿ ಎತ್ತರದ್ದು. ಬಹುಕಾಲದಿಂದ ಬೆಂಕಿ ಉಗುಳದೆ ಮಲಗಿರುವ ಜ್ವಾಲಾಮುಖಿ. ಒಳಗೆ ಬೆಂಕಿಯ ಇತಿಹಾಸ, ಹೊರಗೆ ವರ್ಷವಿಡೀ ಹಿಮ! ಇದಕ್ಕೆ ಎರಡು ತುದಿಗಳು: ಪಶ್ಚಿಮದ್ದು 5642 ಮೀಟರ್, ಪೂರ್ವದ್ದು 5621. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು.

1829ರಲ್ಲಿ ರಷ್ಯಾದ ಜನರಲ್ ಇಮಾನ್ಯುಯೆಲ್ ಸುಮಾರು ಸಾವಿರ ಸೈನಿಕರೊಂದಿಗೆ ಅಲ್ಲಿಗೆ ಬಂದರು. ಬೆಟ್ಟ ಹತ್ತಲು ಇಷ್ಟು ಸೈನ್ಯವೇಕೆ ಎಂದು ನೀವು ಕೇಳಬಹುದು. ಆ ನಾಡನ್ನು ರಷ್ಯಾ ಆಗ ಬಲದಿಂದ ವಶಪಡಿಸಿಕೊಳ್ಳುತ್ತಿತ್ತು. ಜೊತೆಯಲ್ಲಿ ವಿಜ್ಞಾನ ಅಕಾಡೆಮಿಯ ಕುಪ್ಫರ್, ಲೆನ್ಜ್, ಸಸ್ಯಶಾಸ್ತ್ರಜ್ಞ ಮೇಯರ್, ಪ್ರಾಣಿಶಾಸ್ತ್ರಜ್ಞ ಮೆನೆತ್ರಿಯೇ ಇದ್ದರು. ದಾರಿ ತೋರಲು ಸ್ಥಳೀಯರು. ಅವರಲ್ಲೊಬ್ಬ ಕಿಲ್ಲಾರ್. ಮೊದಲು ತುದಿ ಮುಟ್ಟಿದವರಿಗೆ ಬಹುಮಾನವೆಂದು ಜನರಲ್ ಸಾರಿದ್ದರು.

ಜುಲೈ 22, ಅಂದಿನ ರಷ್ಯನ್ ಪಂಚಾಂಗದಂತೆ ಜುಲೈ 10. ಹಿಮದಂಚಿನಲ್ಲಿ ರಾತ್ರಿ ಕಳೆದು ಬೆಳಗಿನ ಜಾವ ತಂಡ ಹೊರಟಿತು. ರಾತ್ರಿಯ ಚಳಿಗೆ ಹಿಮ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹೆಜ್ಜೆ ನಿಲ್ಲುತ್ತದೆ. ಬಿಸಿಲೇರಿದರೆ ಅದೇ ಹಿಮ ಕಾಲನ್ನು ನುಂಗುತ್ತದೆ. ಇದನ್ನರಿತ ಕಿಲ್ಲಾರ್ ಎಲ್ಲರಿಗಿಂತ ಮುಂದೆ ನಡೆದುಬಿಟ್ಟ. ಪಂಡಿತರು ಮೆತ್ತನೆಯ ಹಿಮದಲ್ಲಿ ಹೂತು, ದಣಿದು, ಒಬ್ಬೊಬ್ಬರಾಗಿ ನಿಂತರು. ಲೆನ್ಜ್ ಇನ್ನೂ ಮೇಲೆ ಹೋದರು, ಆದರೆ ತುದಿ ಸಿಗಲಿಲ್ಲ. ಶಿಬಿರದಲ್ಲಿ ದೂರದರ್ಶಕ ಹಿಡಿದು ಕುಳಿತಿದ್ದ ಜನರಲ್‌ಗೆ ಪೂರ್ವ ಶಿಖರದ ಮೇಲೆ ಒಬ್ಬನೇ ಮನುಷ್ಯ ಕಂಡ. ಪಂಡಿತರು ಇಳಿಯುವ ಮೊದಲೇ ಕಿಲ್ಲಾರ್ ಇಳಿದು ಬಂದಿದ್ದ. ಮುಂಜಾನೆಯ ಹಿಮವನ್ನು ನಮಗಿಂತ ಚೆನ್ನಾಗಿ ಬಳಸಿಕೊಂಡವನು ಅವನೇ ಎಂದು ಕುಪ್ಫರ್ ಒಪ್ಪಿಕೊಂಡರು. ದೊಡ್ಡ ಪಂಡಿತರು ಹೀಗೆ ಬರೆದಿಡುವುದು ಅಪರೂಪ, ಅದಕ್ಕಾಗಿಯೇ ನನಗೆ ಅವರ ಮೇಲೆ ಗೌರವ.

ಎರಕದ ಕಬ್ಬಿಣದ ಫಲಕದ ಮೇಲೆ ಈ ಯಾತ್ರೆಯ ವಿವರ ಬರೆಸಿದರು. ಜನರಲ್, ಪಂಡಿತರ ಹೆಸರುಗಳ ಜೊತೆಗೆ, ತುದಿ ತಲುಪಿದವನು ಕಬಾರ್ಡಿಯ ಕಿಲ್ಲಾರ್ ಒಬ್ಬನೇ ಎಂದೂ ಅಲ್ಲಿದೆ.

ಆದರೂ 1868ರಲ್ಲಿ ಅದೇ ಶಿಖರ ಏರಿದ ಇಂಗ್ಲೆಂಡಿನ ಫ್ರೆಶ್‌ಫೀಲ್ಡ್ ಕಿಲ್ಲಾರನ ಮಾತನ್ನು ನಂಬಲಿಲ್ಲ.  ಇಂದು ಕಬಾರ್ಡಿಯನ್ನರೂ ನೆರೆಯ ಕರಾಚಾಯರೂ ಅವನು ನಮ್ಮವನೆಂದು ವಾದಿಸುತ್ತಾರೆ. ಇನ್ನು ಪಶ್ಚಿಮ ಶಿಖರವನ್ನು 1874ರಲ್ಲಿ ಇಂಗ್ಲಿಷರ ತಂಡ ಏರಿತು. ಅವರ ಜೊತೆಯಲ್ಲೂ ಆ ಬೆಟ್ಟದವನೇ ಆದ ಅಹಿಯಾ ಸೊತ್ತಾಯೆವ್ ಇದ್ದ.