‘ಆಡಳಿತ’ ಎಂಬ ಪದ ಯಾರದು?



ನಾನು ಪಂಡಿತನಲ್ಲ. ಪಿಯುಸಿ ಓದಿ ಪ್ರೆಸ್ಸಿಗೆ ಇಳಿದವನು. ಪದಗಳ ಜೊತೆ ನನ್ನದು ಹೊಟ್ಟೆಪಾಡಿನ ನಂಟು. ನೀವು ಧರಣಿಗೆ ಹೊರಡುವಾಗ ಬ್ಯಾನರಿನ ಮೇಲೆ ‘ಕನ್ನಡವೇ ಆಡಳಿತ ಭಾಷೆಯಾಗಲಿ’ ಎಂದು ಬರೆಸುತ್ತೀರಲ್ಲ, ಅದರಲ್ಲಿ ಒಂದೇ ಒಂದು ಪದವನ್ನು ಇವತ್ತು ಹಿಡಿದುಕೊಂಡಿದ್ದೇನೆ. ಆಡಳಿತ!

‘ಹೊಯ್ಸಳರ ಆಳ್ವಿಕೆ’ ಎನ್ನುತ್ತೇವೆ, ‘ಬ್ರಿಟಿಷರ ಆಳ್ವಿಕೆ’ ಎನ್ನುತ್ತೇವೆ. ಆದರೆ ಊರ ಶಾಲೆಗೆ, ದೇವಸ್ಥಾನಕ್ಕೆ ಇರುವುದು ಆಡಳಿತ ಮಂಡಳಿ. ಅದನ್ನು ಯಾರಾದರೂ ಆಳ್ವಿಕೆ ಮಂಡಳಿ ಎಂದದ್ದು ಕೇಳಿದ್ದೀರಾ? ಆಳ್ವಿಕೆಗೆ ಕಿರೀಟ ಬೇಕು. ಆಡಳಿತಕ್ಕೆ ಬೇಕಾದ್ದು ಲೆಕ್ಕ, ಪತ್ರ, ಬಾಗಿಲಿಗೆ ಬಂದವನಿಗೆ ಉತ್ತರ. ರಾಜಕಾರಣಿಗಳು ‘ಆಡಳಿತ ಪಕ್ಷ’ ಎಂದು ಎರಡನ್ನೂ ಕಲಸಿಟ್ಟಿದ್ದಾರೆ, ಅದು ಬೇರೆ ಮಾತು. ಕನ್ನಡದಲ್ಲಿ ‘ಆಳು’ ಎಂದರೆ ರಾಜ್ಯವಾಳು ಎಂದೂ ಆಗುತ್ತದೆ, ಕೂಲಿಯಾಳು ಎಂದೂ ಆಗುತ್ತದೆ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂದರು ಹಿರಿಯರು. ನಮ್ಮ ಎಷ್ಟೋ ಕಚೇರಿಗಳಲ್ಲಿ ಈ ಗಾದೆಯ ಎರಡನೇ ಅರ್ಧ ಮಾತ್ರ ಉಳಿದಿದೆ!

ಹಳ್ಳಿಯ ಲೆಕ್ಕ ಬರೆಯುವವನನ್ನೇ ನೋಡಿ. ಶಾಸನಗಳಲ್ಲಿ ಅವನು ಸೇನಬೋವ. ಜನರ ಬಾಯಲ್ಲಿ ಸವೆದು ಶಾನುಭೋಗನಾದ. ವಂಶಪಾರಂಪರ್ಯದ ಆ ಹುದ್ದೆ ರದ್ದಾದ ಮೇಲೆ ಗ್ರಾಮ ಲೆಕ್ಕಿಗ ಬಂದ, ಆಮೇಲೆ ಗ್ರಾಮ ಲೆಕ್ಕಾಧಿಕಾರಿ. 2024ರಲ್ಲಿ ಸಾವಿರ ಹುದ್ದೆಗೆ ಅರ್ಜಿ ಕರೆದಾಗ ಹೆಸರು ‘ಗ್ರಾಮ ಆಡಳಿತ ಅಧಿಕಾರಿ’! ಹೆಸರಿನಿಂದ ಲೆಕ್ಕ ಹೋಯಿತು, ಆಡಳಿತ ಬಂತು. ಹೆಸರು ಉದ್ದವಾದಷ್ಟೂ ರೈತನಿಗೆ ಹತ್ತಿರವಾದರೇ ಎಂಬುದನ್ನು ಪಹಣಿಗಾಗಿ ಅಲೆದವರನ್ನು ಕೇಳಿ.

ಆಡಳಿತಕ್ಕೆ ಕನ್ನಡದಲ್ಲಿ ಪದಗಳಿಲ್ಲ ಎನ್ನುವವರು ನಿಮಗೆ ಸಿಗುತ್ತಾರೆ. ಅವರಿಗೆ ‘ಕಡತ’ದ ಕತೆ ಹೇಳಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಬಳಪದಲ್ಲಿ ಬರೆದು, ಮಡಿಸಿಡುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಸ್ತಿ. ಫೈಲ್ ಎಂಬ ಪದ ನಮ್ಮ ಊರಿಗೆ ಕಾಲಿಡುವ ಮೊದಲೇ ಇಲ್ಲಿ ಕಡತವಿತ್ತು! ಸುತ್ತೋಲೆ, ಹಿಂಬರಹ, ನಡವಳಿ... ಎಷ್ಟು ಚೆಂದದ ಪದಗಳು. ತಾಲ್ಲೂಕು, ಜಿಲ್ಲೆ, ತಹಶೀಲ್ದಾರ್ ಹೊರಗಿನಿಂದ ಬಂದವು ಎಂದು ಮೂಗು ಮುರಿಯುವವರನ್ನೂ ನಾನು ಒಪ್ಪುವುದಿಲ್ಲ. ಅಜ್ಜಿಗೆ ಅರ್ಥವಾಗುವ ಪದ ಕನ್ನಡದ ಪದವೇ. ನನ್ನ ಜಗಳ ಅಚ್ಚಿಗೆ ಬರುವ ಆ ನಮೂನೆಗಳ ಜೊತೆ. ‘ಸದರಿ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾದ ವಾಕ್ಯ ಹಾಳೆಯ ಬುಡಕ್ಕೆ ಬಂದರೂ ಕ್ರಿಯಾಪದ ಸಿಗುವುದಿಲ್ಲ. ಪ್ರೂಫ್ ನೋಡುವ ನನಗೇ ಅರ್ಥವಾಗದ್ದು ಸಹಿ ಹಾಕುವ ಬಡವನಿಗೆ ಅರ್ಥವಾದೀತೇ?

ಈ ಕನ್ನಡ ಎಲ್ಲಿಂದ ಬರುತ್ತದೆ? ಮೊದಲು ಇಂಗ್ಲಿಷಿನಲ್ಲಿ ಯೋಚಿಸಿ ಆಮೇಲೆ ಕನ್ನಡಕ್ಕೆ ತಿರುಗಿಸುವುದರಿಂದ. ನೆನಪಿದೆಯಲ್ಲ, 2024ರ ಆಗಸ್ಟಿನ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆ? ಆಡಳಿತ ಸೇವೆಗೆ ಸೇರುವ ಪರೀಕ್ಷೆಯಲ್ಲೇ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿತ್ತು. ಕನ್ನಡದಲ್ಲಿ ಓದಿದ ಹುಡುಗ ಹುಡುಗಿಯರು ಬೀದಿಗಿಳಿದರು, ಸರ್ಕಾರ ಮರುಪರೀಕ್ಷೆ ಮಾಡಿಸಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ಅದೇ ದೂರು! ವರ್ಷಗಟ್ಟಲೆ ಹಾಸ್ಟೆಲ್ಲಿನಲ್ಲಿ, ಗ್ರಂಥಾಲಯದಲ್ಲಿ ಕೂತು ಓದಿದವರ ಅನ್ನದ ಪ್ರಶ್ನೆ ಇದು. 1963ರಲ್ಲೇ ಕಾಯಿದೆ ಮಾಡಿ ಕನ್ನಡವನ್ನು ಆಡಳಿತ ಭಾಷೆ ಎಂದವರು ನಾವು. ಆಗ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬಂದಿರಲಿಲ್ಲ. ಅದು ಬಂದದ್ದು 1973ರಲ್ಲಿ.

ಹಾಗಾದರೆ ನೀವೇನು ಮಾಡಬೇಕು? ಬ್ಯಾನರ್ ಕಟ್ಟಿ, ಬೇಡ ಎನ್ನುವುದಿಲ್ಲ. ನನಗೂ ಅದರಿಂದ ನಾಲ್ಕು ಕಾಸು. ಆದರೆ ಮರುದಿನ ಕಚೇರಿಗೆ ಹೋಗಿ. ಅರ್ಜಿಯನ್ನು ನೀವೇ ಕನ್ನಡದಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಹಿಂಬರಹ ಕನ್ನಡದಲ್ಲೇ ಕೊಡಿ ಎಂದು ಅರ್ಜಿಯ ಕೊನೆಯಲ್ಲಿ ಸೇರಿಸಿ. ಇಂಗ್ಲಿಷಿನಲ್ಲಿ ಬಂದರೆ, ಕನ್ನಡದಲ್ಲಿ ಕೊಡಿ ಎಂದು ಮತ್ತೊಂದು ಅರ್ಜಿ ಹಾಕಿ. ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.